ಹಗೇವಿನ ಬಾಯಿ: ಧಾರವಾಡ ಸೀಮೆಯ ಒಕ್ಕಲುಮಗನೂ ಕಾಳಿನ ಧಾರಣೆಯೂ

ಹುಬ್ಬಳ್ಳಿಯ ಪೇಟೆಗೆ ತೀರ ಸಮೀಪವಾಗಿದ್ದು, ಈಗ ಹುಬ್ಬಳ್ಳಿ-ಧಾರವಾಡ ಮಹಾನಗರದ ಸೀಮೆಯೊಳಗೇ ಸೇರಿಹೋಗಿರುವ ಗೋಪನಕೊಪ್ಪವು ತನ್ನ ಹಿಂದಿನ ಸ್ಥಿತಿಯನ್ನು ಹೆಸರಿನಿಂದಲೇ ತಿಳಿಸುತ್ತದೆ. ಕೊಪ್ಪವೆಂದರೆ ಚಿಕ್ಕ ಹಳ್ಳಿ. ಪೇಟೆಗಂಟಿದ ಇಂಥ ಕೊಪ್ಪಗಳ ಒಕ್ಕಲುಮಗನಿಗೆ ದೂರದ ಊರಿನವನಿಗಿಲ್ಲದ ಒಂದು ಅನುಕೂಲವಿತ್ತು: ಗಾಡಿ ಹೂಡಿದ ದಿವಸವೇ ಕಾಳು ಮಾರಿ ಮನೆಗೆ ಮರಳಬಹುದಾಗಿತ್ತು, ಧಾರಣೆಯ ಏರಿಳಿತವು ಪೇಟೆಗೆ ಹೋಗಿಬಂದವರ ಬಾಯಿಂದ ಅಂದಂದಿಗೇ ತಿಳಿಯುತ್ತಿತ್ತು. ಹೀಗಿದ್ದರೂ, ಸುಗ್ಗಿಯ ಕಾಳನ್ನು ಇಡಬೇಕೋ ಮಾರಬೇಕೋ ಎಂಬದು ಬರಿಯ ಧಾರಣೆಯ ಪ್ರಶ್ನೆಯಾಗಿರಲಿಲ್ಲ. ಅದು ಮತ್ತಾವದರ ಪ್ರಶ್ನೆಯಾಗಿತ್ತೆಂಬದನ್ನು ತಿಳಿಯಬೇಕಾದರೆ ಈ ಸೀಮೆಯ ಹಗೇವನ್ನು ಮೊದಲು ನೋಡತಕ್ಕದ್ದು.

ನೆಲದೊಳಗೆ ತೋಡಿದ ಕಣಜಕ್ಕೆ ಹಗೆ, ಹಗೇವು ಎಂಬ ಹೆಸರುಗಳಿವೆ. ಇದನ್ನು ಮರಾಠಿಯಲ್ಲಿ ಪೇವ ಎಂತಲೂ ತೆಲುಗಿನಲ್ಲಿ ಪಾತರ ಎಂತಲೂ ಕರೆಯುವರು. ಶತ್ರುವೆಂಬ ಅರ್ಥದ ಹಗೆಯೊಡನೆ ಇದರ ರೂಪವು ಕೂಡಿಕೊಂಡಿರುವದು ಕಾಕತಾಳೀಯವೇ ಇರಬೇಕು. ಆದರೆ ಹಗೇವಿಗಿಳಿದು ಉಸಿರುಗಟ್ಟಿ ಸತ್ತವರ ಸಂಗತಿಯನ್ನು ಬಲ್ಲ ಹಳ್ಳಿಗರಿಗೆ ಆ ಶ್ಲೇಷವು ವಿಚಿತ್ರವೆನಿಸಿರಲಾರದು. ಎರೆಭೂಮಿಯು ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವದರಿಂದ ಹಗೇವಿಗೆ ತಕ್ಕದ್ದಲ್ಲ. ಗರಸು ಬೆರೆತ ಗಟ್ಟಿ ನೆಲವನ್ನು, ನೀರು ನಿಲ್ಲದ ದಿಬ್ಬವನ್ನು ಆರಿಸಿ, ಒಬ್ಬ ಮನುಷ್ಯನು ಇಳಿಯುವಷ್ಟು ಸಣ್ಣ ಬಾಯನ್ನು ಬಿಟ್ಟು ಒಳಗೆ ಅಗಲವಾಗಿ ತೋಡುವರು. ಒಳಗೆ ಬೆಂಕಿ ಹಾಕಿ ಗೋಡೆಗಳನ್ನು ಒಣಗಿಸಿ, ತಳಕ್ಕೂ ಸುತ್ತಲೂ ಹುಲ್ಲು ಕಣಿಕೆಗಳನ್ನು ಹೊಂದಿಸಿ, ಬಿಸಿಲಿಗೆ ಚೆನ್ನಾಗಿ ಒಣಗಿದ ಜೋಳವನ್ನು ತುಂಬಿ, ಬಾಯಿಗೆ ಹಾಸುಗಲ್ಲಿಟ್ಟು ಮಣ್ಣಿನಿಂದ ಬಿಗಿಯುವರು. ಮುಚ್ಚಿದ ಕಾಳು ಒಳಗಿನ ಪ್ರಾಣವಾಯುವನ್ನು ತಾನೇ ತೀರಿಸಿ ಅಂಗಾರವಾಯುವನ್ನು ಬಿಡುವದರಿಂದ ಹುಳಗಳು ಬದುಕಲಾರವು. ನೀರು ತಗಲದಿದ್ದರೆ ಜೋಳವು ಹೀಗೆ ಕೆಲವು ವರ್ಷಗಳವರೆಗೆ ಉಳಿಯುತ್ತಿತ್ತು. ಗೋಡೆಗೆ ಹತ್ತಿದ ಕಾಳು ಮಾತ್ರ ಬಣ್ಣಗೆಟ್ಟು ಮುಗ್ಗುವಾಸನೆಗೆ ಬರುವದು. ಬಿತ್ತುವ ಕಾಳನ್ನು ಇದರಲ್ಲಿಡದೆ ಮನೆಯೊಳಗಿನ ಕಣಜಗಳಲ್ಲಿ ಬೂದಿ ಬೆರೆಸಿ ಬೇರೆ ಕಾಯುತ್ತಿದ್ದರು. ಹಗೇವಿನ ಕಾವಿಗೆ ಮೊಳೆಯುವ ಶಕ್ತಿ ಕುಂದುವದು.

ಈ ರಚನೆಯಿಂದಲೇ ಒಂದು ಮುಖ್ಯ ಪರಿಣಾಮವು ಹುಟ್ಟುತ್ತದೆ. ಕಣಜದಿಂದ ದಿನಕ್ಕೊಂದು ಸೇರನ್ನು ತೆಗೆಯಬಹುದು. ಹಗೇವಿನಿಂದ ಹಾಗೆ ತೆಗೆಯಲಾಗದು. ಒಮ್ಮೆ ಬಾಯಿ ತೆರೆದರೆ ಹೊರಗಿನ ಗಾಳಿಯೂ ತೇವವೂ ಹುಳವೂ ಒಳಸೇರುವವು. ಆದಕಾರಣ ತೆರೆದ ಹಗೇವನ್ನು ಬರಿದುಮಾಡಲೇಬೇಕು. ತೆರೆದೊಡನೆ ಇಳಿಯುವಂತೆಯೂ ಇರಲಿಲ್ಲ. ಗಾಳಿಯಾಡಗೊಟ್ಟು, ದೀಪವನ್ನು ಇಳಿಬಿಟ್ಟು, ಅದು ನಂದದಿರುವದನ್ನು ಕಂಡಮೇಲೆ ಆಳನ್ನು ಇಳಿಸುವರು. ಇಷ್ಟೆಲ್ಲ ನಡೆಯುವ ಕೆಲಸವನ್ನು ಗುಟ್ಟಾಗಿ ಮಾಡುವದು ಹೇಗೆ? ಸಾಲಗಾರನೂ ಬೀಗನೂ ನೆರೆಯವನೂ ಅದನ್ನು ಕಾಣುತ್ತಿದ್ದರು. ಆದ್ದರಿಂದ ಧಾರಣೆ ತುಸು ಏರಿತೆಂದು ನಾಲ್ಕು ಚೀಲ ಮಾರಿ, ಇಳಿದಾಗ ಸುಮ್ಮನಿರುವ ಸ್ವಾತಂತ್ರ್ಯವು ಹಗೇವಿನ ಒಡೆಯನಿಗೆ ಇರಲಿಲ್ಲ. ಅವನ ನಿರ್ಧಾರವು ಒಂದೇ; ಅದು ಇಡಿಯ ಸಂಗ್ರಹದ ನಿರ್ಧಾರ.

ಅಂಥ ನಿರ್ಧಾರಕ್ಕೆ ಆಧಾರವೇನು? ಕೌಟಿಲ್ಯನ ಅರ್ಥಶಾಸ್ತ್ರವು ಕೋಷ್ಠಾಗಾರದ ಅರ್ಧವನ್ನು ಜನಪದದ ಆಪತ್ತಿಗೆಂದು ತೆಗೆದಿರಿಸಿ, ಹೊಸ ಕಾಳು ಬಂದಂತೆ ಹಳೆಯದನ್ನು ಬದಲಿಸತಕ್ಕದ್ದೆಂದು ವಿಧಿಸುತ್ತದೆ. ಅದು ಅರಸನ ಉಗ್ರಾಣದ ಮಾತು. ವರಾಹಮಿಹಿರನ ಬೃಹತ್ಸಂಹಿತೆಯ ಅರ್ಘಕಾಂಡವು ಸೂರ್ಯನು ಯಾವ ರಾಶಿಯಲ್ಲಿರುವಾಗ ಯಾವ ಸರಕನ್ನು ಕೂಡಿಸಿಟ್ಟು ಎಷ್ಟನೆಯ ತಿಂಗಳಲ್ಲಿ ಮಾರಿದರೆ ಲಾಭವೆಂಬದನ್ನು ಹೇಳುತ್ತದೆ. ಅದು ವರ್ತಕನ ಮಾತು. ಯುಗಾದಿಯ ಪಂಚಾಂಗಶ್ರವಣದಲ್ಲಿ ಸಸ್ಯಾಧಿಪತಿ, ಧಾನ್ಯಾಧಿಪತಿಗಳ ಜೊತೆಗೆ ಬೆಲೆಗೆ ಒಡೆಯನಾದ ಅರ್ಘಾಧಿಪತಿಯ ಹೆಸರನ್ನು ಓದುವದು ಈ ಶಾಸ್ತ್ರದ ಎಳೆಯೇ ಆಗಿದೆ. ಭರತಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಗೊರವನು ಬಿಲ್ಲೇರಿ ನುಡಿಯುವ ಕಾರಣಿಕವೂ, ಕಾರಹುಣ್ಣಿಮೆಯಲ್ಲಿ ಕರಿ ಹರಿಯುವ ಎತ್ತಿನ ಬಣ್ಣವೂ ಮುಂದಿನ ಬೆಳೆಯ ಸೂಚನೆಗಳೆನಿಸಿದವು. ಭರತಹುಣ್ಣಿಮೆಯು ಹಿಂಗಾರಿ ಜೋಳದ ಸುಗ್ಗಿಯ ದಿನಗಳಲ್ಲೇ ಬರುವದು ಗಮನಾರ್ಹವಾಗಿದೆ. ಇವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವದು ಸುಲಭ. ಆದರೆ ಸುಗ್ಗಿಯಲ್ಲಿ ನಿಂತು ಮುಂದಿನ ಮಳೆಯನ್ನು ತಿಳಿಯುವ ಬೇರೆ ಸಾಧನವೇ ಇಲ್ಲದಿದ್ದಾಗ, ಊರೆಲ್ಲ ಒಂದೆಡೆ ಕೂಡಿ ಆ ವಿಚಾರವನ್ನು ಆಡುವದಕ್ಕೆ ಅವು ಅವಕಾಶ ಕೊಡುತ್ತಿದ್ದವು. ನಿಜವಾದ ತೀರ್ಮಾನವು ಹಸ್ತ, ಚಿತ್ತಾ ಮಳೆಗಳಾದಮೇಲೆ ಆಗುತ್ತಿತ್ತು. ಹಿಂಗಾರಿ ಬಿತ್ತನೆ ಚೆನ್ನಾಗಿ ಎದ್ದಿತೆಂದರೆ ಹಳೆಯ ಹಗೇವನ್ನು ತೆರೆಯಬಹುದು. ಏಳದಿದ್ದರೆ ಇನ್ನೊಂದು ವರ್ಷ ಮುಚ್ಚಿರತಕ್ಕದ್ದು.

ಈ ಕ್ರಮವನ್ನು ಮೊದಲು ಕದಲಿಸಿದ್ದು ನಗದು ಕಂದಾಯ. 1818ರಲ್ಲಿ ಪೇಶವೆಯ ಆಳಿಕೆ ಮುಗಿದು ಸೀಮೆಯು ಕಂಪನಿಯ ಕೈಸೇರಿತು. 1840ರ ದಶಕದಲ್ಲಿ ವಿಂಗೇಟನ ಮೋಜಣಿಯು ಬಂದು ಮೂವತ್ತು ವರ್ಷಗಳ ಅವಧಿಗೆ ಕಂದಾಯವನ್ನು ನಗದಿನಲ್ಲಿ ಗೊತ್ತುಪಡಿಸಿತು. ಕಂದಾಯದ ಹಪ್ತೆಯು ಮಳೆಯನ್ನು ಕಾಯುವದಿಲ್ಲ. ಎಲ್ಲರೂ ಒಮ್ಮೆಲೇ ಮಾರುವ ಸುಗ್ಗಿಯಲ್ಲಿ ಧಾರಣೆ ಇಳಿದಿರುವದು. ಅದೇ ಕಾಳನ್ನು ಮಳೆಗಾಲದಲ್ಲಿ ಹೆಚ್ಚಿನ ಬೆಲೆಗೆ ಕೊಳ್ಳಬೇಕು, ಇಲ್ಲವೆ ಒಂದಕ್ಕೆ ಒಂದೂಕಾಲು ಹಿಂದಿರುಗಿಸುವ ಸವಾಯಿಯ ಕರಾರಿನಿಂದ ಸಾವಕಾರನಲ್ಲಿ ಕಡ ತರಬೇಕು. ಇದರಿಂದ ಪಾರಾದವನು ಹತ್ತಿ ಬೆಳೆದವನು. ಹತ್ತಿಯಿಂದ ಕಂದಾಯ, ಜೋಳದಿಂದ ಹೊಟ್ಟೆ ಎಂಬ ಹಂಚಿಕೆಯು ಎರೆಭೂಮಿಯವನಿಗೆ ಕಾಯುವ ಶಕ್ತಿಯನ್ನು ಕೊಟ್ಟಿತು. 1861ರಿಂದ 1865ರವರೆಗಿನ ಅಮೇರಿಕದ ಅಂತರ್ಯುದ್ಧದಲ್ಲಿ, ಕುಮಟೆಯ ಬಂದರದಿಂದ ಹಡಗೇರುತ್ತಿದ್ದ ಈ ಸೀಮೆಯ ಹತ್ತಿಗೆ ಅಪೂರ್ವವಾದ ಬೆಲೆ ಬಂದಿತು. ಯುದ್ಧ ಮುಗಿದೊಡನೆ ಬೆಲೆ ಬಿದ್ದಿತು.

1876ರಲ್ಲಿ ಮಳೆಯು ತಪ್ಪಿತು. 1878ರವರೆಗೆ ನಡೆದ ಆ ಬರದಲ್ಲಿ ಖಾಸಗಿ ಧಾನ್ಯವ್ಯಾಪಾರದೊಳಗೆ ಕೈಹಾಕಕೂಡದೆಂಬದು ಲಿಟನ್ನನ ಸರಕಾರದ ಸಿದ್ಧಾಂತವಾಗಿತ್ತು. ಬೆಲೆ ಏರಿದರೆ ಕಾಳು ತಾನಾಗಿ ಹೊರಬರುವದೆಂದು ಅದು ನಂಬಿತ್ತು. ವರ್ತಕನ ಗೋದಾಮಿನ ವಿಷಯದಲ್ಲಿ ಇದು ಸರಿಯಿದ್ದೀತು. ಒಕ್ಕಲುಮಗನ ಹಗೇವಿನ ತರ್ಕವಾದರೋ ಇದಕ್ಕೆ ತೀರ ವಿರುದ್ಧವಾದದ್ದು. ಅವನಿಗೆ ಏರಿದ ಬೆಲೆಯು ಮಾರೆಂಬ ಕರೆಯಲ್ಲ. ಮುಂದಿನ ಬೆಳೆ ನಂಬಲರ್ಹವಲ್ಲ, ಬಾಯಿ ಮುಚ್ಚಿಡು ಎಂಬ ಎಚ್ಚರಿಕೆ. ಧಾರವಾಡ ಜಿಲ್ಲೆಗೆ ಆಗ ರೈಲುಮಾರ್ಗವೂ ಇರಲಿಲ್ಲ. ಮಾರಿದವನು ಅದೇ ಕಾಳನ್ನು ಮರಳಿ ಎಲ್ಲಿಂದ ತಂದಾನು? ಹಗೇವಿನವನನ್ನು ಕಾಳಸಂಗ್ರಹಗಾರನೆಂದು ಬೈಯುವದು ಇಲ್ಲಿ ಸಲ್ಲದು. ಆದರೆ ಹಗೇವೇ ಇಲ್ಲದ ಕೂಲಿಕಾರನ ಕಡೆಯಿಂದ ನೋಡಿದರೆ ಮುಚ್ಚಿದ ಬಾಯಿ ಮುಚ್ಚಿದ್ದೇ. ಅದರ ಹಿಂದಿನ ಉದ್ದೇಶವು ಅವನ ಹಸಿವನ್ನು ತೀರಿಸಲಿಲ್ಲ.

ಸದರ್ನ್ ಮರಾಠಾ ರೈಲ್ವೆಯ ಕಂಪನಿಯು 1882ರಲ್ಲಿ ಸ್ಥಾಪಿತವಾಗಿ ಆ ದಶಕದಲ್ಲಿಯೇ ಹುಬ್ಬಳ್ಳಿಗೆ ರೈಲು ಬಂದಿತು. ಹೊರಗಿನ ಕಾಳು ಬರಬಹುದೆಂಬ ಭರವಸೆ ಹುಟ್ಟಿದಮೇಲೆ ವರ್ಷಗಟ್ಟಲೆ ನೆಲದಲ್ಲಿ ಹೂಳಿಡುವದಕ್ಕೆ ಇದ್ದ ಕಾರಣವು ಸಡಿಲಾಯಿತು. ಮುಂಬಯಿ ಪ್ರಾಂತದ ಬರಗಳನ್ನು ಕುರಿತು ಮಿಶೆಲ್ ಮೆಕಾಲ್ಪಿನ್ ಅವರು 1983ರಲ್ಲಿ ಪ್ರಕಟಿಸಿದ ಗ್ರಂಥವು ರೈಲಿನ ತರುವಾಯ ಬರದ ಕಾಠಿಣ್ಯವು ಕಡಮೆಯಾಯಿತೆಂದು ವಾದಿಸುತ್ತದೆ. ಆ ವಾದಕ್ಕೆ ಒಂದು ಮಾತನ್ನು ಕೂಡಿಸಬೇಕು: ಕಾಳು ಕಾಯುವ ಕೆಲಸವು ಇಲ್ಲದಂತಾಗಲಿಲ್ಲ, ಹಳ್ಳಿಯ ನೆಲದಿಂದ ಪೇಟೆಯ ಗೋದಾಮಿಗೆ ಹೋಯಿತು, ಅದರೊಡನೆ ಕಾಯುವದರ ಲಾಭವೂ ಹೋಯಿತು.

ಅದನ್ನು ಹಳ್ಳಿಗೆ ಮರಳಿಸುವ ಪ್ರಯತ್ನಗಳಲ್ಲಿ ಮೊದಲನೆಯದು ಇದೇ ಸೀಮೆಯಲ್ಲಿ ನಡೆಯಿತು. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನಾಯಕತ್ವದಲ್ಲಿ ಸಹಕಾರಿ ಪತ್ತಿನ ಸಂಘವು ಹುಟ್ಟಿತು. ಅದು ಕಾಳನ್ನು ಕೂಡಿಡುವ ಸಂಘವಲ್ಲ, ಸಾಲದ ಸಂಘ. ಆದರೆ ಸಾವಕಾರನ ಬಡ್ಡಿಗಿಂತ ಕಡಮೆಯ ಬಡ್ಡಿಗೆ ಹಣ ದೊರೆತವನು ಸುಗ್ಗಿಯ ಧಾರಣೆಗೆ ಮಾರದೆ ನಿಲ್ಲಬಲ್ಲನು. ಉಗ್ರಾಣಗಳ ನಿಗಮಗಳಿಗೆ ಎಡೆಮಾಡಿದ ಕಾಯಿದೆಯು 1956ರಲ್ಲಿ ಬಂದಿತು. ಉಗ್ರಾಣದ ರಸೀದಿಯನ್ನೇ ಅಡವಿಟ್ಟು ಸಾಲ ಪಡೆಯುವದಕ್ಕೆ 2007ರ ಕಾಯಿದೆಯು ಇನ್ನಷ್ಟು ಬಲ ಕೊಟ್ಟಿತು. ಹುಬ್ಬಳ್ಳಿಯ ಕೃಷಿ ಮಾರುಕಟ್ಟೆಯು ಈಗ ಅಮರಗೋಳದಲ್ಲಿದೆ. ಉಗ್ರಾಣದಲ್ಲಿಟ್ಟ ಚೀಲಗಳಲ್ಲಿ ಹತ್ತನ್ನು ಮಾರಿ ಉಳಿದವನ್ನು ಇರಗೊಡಿಸಬಹುದು. ಬಾಡಿಗೆಯನ್ನೂ ಬಡ್ಡಿಯನ್ನೂ ಲೆಕ್ಕಹಾಕಬೇಕಾದದ್ದು ಮಾತ್ರ ಹೊಸದಾಗಿ ಕೂಡಿತು.