ಜರ್ಮನಿಯಿಂದ ಬಂದ ಮಾಸ್ತರರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಈ ಹೆಸರು ಕೇಳಿದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ, ಮಗ್ಗದ ಸದ್ದು, ಮುಧೋಳದ ನಾಯಿ. ಅಚ್ಚ ಕನ್ನಡದ ಸೀಮೆ. ಅದರಲ್ಲಿ ಯಾರಿಗೂ ಅನುಮಾನ ಇಲ್ಲ. ಆದರೆ ನೂರೈವತ್ತು ವರ್ಷದ ಹಿಂದೆ ಬ್ರಿಟಿಷರ ಕಾಗದಪತ್ರಗಳಲ್ಲಿ ಈ ಸೀಮೆಗೆ ಏನಂತ ಹೆಸರಿತ್ತು ಗೊತ್ತಾ? ದಕ್ಷಿಣ ಮರಾಠಾ ಸೀಮೆ!

ಹೌದು. ಧಾರವಾಡ, ಬೆಳಗಾವಿ, ಕಲಾದಗಿ, ಜೊತೆಗೆ ಸುತ್ತಲಿನ ಸಣ್ಣಪುಟ್ಟ ಸಂಸ್ಥಾನಗಳು, ಎಲ್ಲ ಸೇರಿಸಿ ಒಂದೇ ಹೆಸರು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ರಬಕವಿ ಸಾಂಗ್ಲಿ ಸಂಸ್ಥಾನದ್ದು. ಬೀಳಗಿ ನೇರವಾಗಿ ಇಂಗ್ಲಿಷರ ಕೈಯಲ್ಲಿ. ಇವತ್ತು ಒಂದು ಕೆಂಪು ಬಸ್ಸು ಮಧ್ಯಾಹ್ನದೊಳಗೆ ಸುತ್ತಿ ಮುಗಿಸುವ ದಾರಿಯಲ್ಲಿ ಅಂದು ನಾಲ್ಕು ಸರ್ಕಾರಗಳಿದ್ದವು. ಹೊಲದಲ್ಲಿ ಕನ್ನಡ, ಮಗ್ಗದ ಮುಂದೆ ಕನ್ನಡ, ಸಂತೆಯಲ್ಲಿ ಕನ್ನಡ. ಕಚೇರಿಗೆ ಹೋದರೆ ಮರಾಠಿ, ಅದೂ ಮೋಡಿ ಲಿಪಿಯಲ್ಲಿ. 1818ರಲ್ಲಿ ಪೇಶ್ವೆಯ ಆಡಳಿತ ಮುಗಿದು ಇಂಗ್ಲಿಷರು ಬಂದರು. ಅವರು ಶಾಲೆ ತೆರೆದಾಗಲೂ ಅದೇ ರೂಢಿ ಮುಂದುವರಿಯಿತು. ಮನೆಯಲ್ಲಿ ಅವ್ವನ ಹತ್ತಿರ ಕನ್ನಡ ಮಾತಾಡೋ ಮಗು ಶಾಲೆಯ ಹೊಸ್ತಿಲು ದಾಟಿದ ಕೂಡಲೇ ಮರಾಠಿ ಅಕ್ಷರ ತಿದ್ದಬೇಕಿತ್ತು.

ಇಂಥ ಸೀಮೆಗೆ, ಆ ಹೊತ್ತಿನಲ್ಲಿ, ಸಮುದ್ರ ದಾಟಿ ಕೆಲವು ಹುಡುಗರು ಬಂದರು. ಹುಡುಗರು ಅಂತಲೇ ಹೇಳ್ತೀನಿ. ಒಬ್ಬನಿಗೆ ಇಪ್ಪತ್ತೈದು, ಇನ್ನೊಬ್ಬನಿಗೆ ಇಪ್ಪತ್ತೊಂದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ಸೆಮಿಸ್ಟರ್‌ನಲ್ಲಿ ಕೂತಿರ್ತಾರಲ್ಲ, ಅದೇ ವಯಸ್ಸು.

ಮೊದಲನೆಯವನು ಹೆರ್ಮನ್ ಮೋಗ್ಲಿಂಗ್. ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದ. ಊರಲ್ಲೇ ಪಾದ್ರಿಯಾಗಿ ಹಾಯಾಗಿರಬಹುದಿತ್ತು. ಆದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿ 1836ರ ಡಿಸೆಂಬರ್‌ನಲ್ಲಿ ಮಂಗಳೂರಿಗೆ ಬಂದಿಳಿದ. ಮರುವರ್ಷವೇ ಮಿಷನ್ ಘಟ್ಟ ಹತ್ತಿ ಧಾರವಾಡಕ್ಕೆ ಬಂತು. 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗದ ಪಕ್ಕದ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ. ಗುಳೇದಗುಡ್ಡ ಅಂದರೆ ಖಣದ ಊರು. ನಮ್ಮ ಇಳಕಲ್ ಸೀರೆಗೆ ಜೋಡಿಯಾಗುವ ಕುಪ್ಪಸದ ಬಟ್ಟೆ ಅಲ್ಲಿಯದೇ. ಬೀಳಗಿಯಿಂದ ಏನು ಮಹಾ ದೂರ? ಹುಬ್ಬಳ್ಳಿಯ ಮಗ್ಗುಲಲ್ಲೇ ಇರುವ ಕುಂದಗೋಳ ಅಂತೂ ಜಮಖಂಡಿ ಸಂಸ್ಥಾನಕ್ಕೇ ಸೇರಿತ್ತು. ಅಂದರೆ ಹುಬ್ಬಳ್ಳಿಯ ಮಿಷನ್ ಮನೆಯಿಂದ ಬೆಳಿಗ್ಗೆ ನಡೆಯೋಕೆ ಶುರು ಮಾಡಿದವನು ಮಧ್ಯಾಹ್ನದ ಊಟದ ಹೊತ್ತಿಗೆ ಪಟವರ್ಧನರ ನೆಲದಲ್ಲಿ ಇರಬಹುದಿತ್ತು.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಇವರು ಬಂದದ್ದು ಮತಪ್ರಚಾರಕ್ಕೆ. ಇದನ್ನು ಮುಚ್ಚಿಟ್ಟು 'ಕನ್ನಡ ಸೇವೆಗೆ ಬಂದ ಮಹಾನುಭಾವರು' ಅಂತ ಹಾರ ಹಾಕೋದು ಸುಲಭ. ಮತಾಂತರ ಒಂದನ್ನೇ ಹಿಡಿದುಕೊಂಡು ಉಳಿದದ್ದನ್ನೆಲ್ಲ ಅಳಿಸಿ ಹಾಕೋದೂ ಅಷ್ಟೇ ಸುಲಭ. ಟಿವಿ ಚರ್ಚೆಗೆ ಎರಡೂ ಚೆನ್ನಾಗಿ ಒಗ್ಗುತ್ತವೆ. ನಡೆದದ್ದೇನು ಅಂತ ನೋಡೋಣ.

ಮೋಗ್ಲಿಂಗ್ ಮಂಗಳೂರಿನಲ್ಲಿ ಶಾಲೆ ನಡೆಸಿದ. ದೊರೆಗಳ ಹಾಗೆ ಬಂಗಲೆಯಲ್ಲಿ ಕೂತು ಪಾಠ ಹೇಳೋದು ಅವನಿಗೆ ಹಿಡಿಸಲಿಲ್ಲ. ಹುಡುಗರ ಜೊತೆಗೇ ಬದುಕಬೇಕು, ಈ ನೆಲದವರ ಹಾಗೇ ಇರಬೇಕು ಅನ್ನೋದು ಅವನ ಹಟ. 1844ರಲ್ಲಿ ಮಂಗಳೂರು ಹೊತ್ತಿ ಉರಿಯಿತು. ಕಾರಣ, ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ಕ್ರೈಸ್ತನಾದ. ಮನೆಯವರ ಗೋಳು, ಊರವರ ಸಿಟ್ಟು, ಎಲ್ಲ ಒಟ್ಟಿಗೆ. ಓದಲಿ ಅಂತ ಮಗನನ್ನು ಶಾಲೆಗೆ ಕಳಿಸಿದ ತಾಯಿಯ ಹೊಟ್ಟೆಯ ಬೆಂಕಿ ಎಂಥದ್ದಿರಬೇಕು? ಅದನ್ನು ನಾವು ಹಗುರವಾಗಿ ಕಾಣೋ ಹಾಗಿಲ್ಲ. ಮುಂದೆ ಆ ಕೌಂಡಿನ್ಯ ಯುರೋಪಿಗೆ ಹೋಗಿ, ಬಾಸೆಲ್‌ನಲ್ಲಿ ಓದಿ, 1851ರ ಹೊತ್ತಿಗೆ ತಾನೇ ಮಿಷನರಿಯಾಗಿ ತಿರುಗಿ ಬಂದ. ಕಡಲು ದಾಟಿದರೆ ಜಾತಿ ಕೆಡುತ್ತದೆ ಅನ್ನುತ್ತಿದ್ದ ಕಾಲದಲ್ಲಿ ಹೀಗೆ ಹೋಗಿ ಬಂದ ಕರಾವಳಿಯ ಹುಡುಗ ಅವನು. ಅವನ ಕಥೆ ಇನ್ನೊಂದು ದಿನಕ್ಕೆ.

ಈ ಗದ್ದಲಕ್ಕೆ ಒಂದು ವರ್ಷ ಮೊದಲು, 1843ರ ಜುಲೈ 1ರಂದು, ಇದೇ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದ್ದ. ಕಲ್ಲಚ್ಚಿನಲ್ಲಿ ಮುದ್ರಿಸಿದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಪತ್ರಿಕೆ. ಕನ್ನಡದ ಮೊದಲ ಪತ್ರಿಕೆ. ಆಮೇಲೆ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ನಮ್ಮ ಸ್ಟುಡಿಯೋಗಳಲ್ಲಿ ಪ್ರತಿ ವರ್ಷ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆಯ ಶುಭಾಶಯ ಹೇಳ್ತೀವಲ್ಲ, ಆ ತಾರೀಖು ಬಂದದ್ದು ಅಲ್ಲಿಂದ. ದಾಸರ ಪದಗಳು, ಬಸವಪುರಾಣ, ಜೈಮಿನಿ ಭಾರತ, ತೊರವೆ ರಾಮಾಯಣ ಇವನ್ನೆಲ್ಲ ತಾಳೆಗರಿಯಿಂದ ಎತ್ತಿ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಅಚ್ಚು ಮಾಡಿಸಿದ್ದೂ ಅವನೇ. ಕ್ರಿಸ್ತನ ಸುವಾರ್ತೆ ಸಾರಲು ಬಂದವನು ಪುರಂದರದಾಸರನ್ನು ಅಚ್ಚಿಗೆ ಹಾಕಿದ! ಜನರ ಮನಸ್ಸು ತಿಳಿಯಬೇಕಾದರೆ ಅವರ ಹಾಡು ತಿಳಿಯಬೇಕು ಅನ್ನೋ ಲೆಕ್ಕ ಅದರ ಹಿಂದೆ ಇದ್ದೇ ಇತ್ತು. ಇರಲಿ. ಅಚ್ಚಾದ ಪುಸ್ತಕ ಯಾರ ಲೆಕ್ಕವನ್ನೂ ಕೇಳೋದಿಲ್ಲ.

ಈಗ ಎರಡನೆಯ ಹುಡುಗನ ವಿಷಯಕ್ಕೆ ಬರ್ತೀನಿ. ಹೆಸರು ಫರ್ಡಿನಾಂಡ್ ಕಿಟೆಲ್.

ಹುಟ್ಟಿದ್ದು 1832ರ ಏಪ್ರಿಲ್ 7, ಜರ್ಮನಿಯ ಉತ್ತರದ ಕಡಲಂಚಿನಲ್ಲಿ. ತಮಾಷೆ ನೋಡಿ, ವಿಲಿಯಂ ರೀವ್ ಎಂಬ ಇನ್ನೊಬ್ಬ ಮಿಷನರಿಯ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದದ್ದೂ ಅದೇ ವರ್ಷ. ಅದನ್ನು ಮೀರಿಸುವವನು ಅದೇ ವರ್ಷ ತೊಟ್ಟಿಲಲ್ಲಿದ್ದ! 1850ರಲ್ಲಿ ಬಾಸೆಲ್ ಮಿಷನ್ ಸೇರಿದ. 1853ರಲ್ಲಿ ಕನ್ನಡ ನಾಡಿಗೆ ಬಂದ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಂದರೆ ಆ ಅಡ್ಡದಾರಿ ಇನ್ನೂ ಇರಲಿಲ್ಲ. ಅಪ್ಪ-ಅಮ್ಮನ ಮುಖ ಮತ್ತೆ ಯಾವಾಗ ನೋಡ್ತೀನೋ ಅನ್ನೋ ಭರವಸೆಯೂ ಇಲ್ಲದ ಪ್ರಯಾಣ. ಮದುವೆಯಾಗಬೇಕಾದರೂ ಮಿಷನ್ನಿನ ಒಪ್ಪಿಗೆ ಬೇಕು. ಹುಡುಗಿ ಜರ್ಮನಿಯಿಂದ ಹಡಗಿನಲ್ಲಿ ಬರಬೇಕು. ಕಿಟೆಲ್ ಮದುವೆಯಾದದ್ದು 1860ರಲ್ಲಿ. ನಾಲ್ಕು ವರ್ಷಕ್ಕೆ ಹೆಂಡತಿ ತೀರಿಕೊಂಡಳು. ಆಮೇಲೆ ಆಕೆಯ ತಂಗಿಯನ್ನೇ ಮದುವೆಯಾದ. ಇವಿಷ್ಟು ಎರಡು ಸಾಲಿನಲ್ಲಿ ಮುಗಿದು ಹೋಗುತ್ತವೆ. ಬದುಕಿದವರಿಗೆ ಹಾಗೆ ಮುಗಿದಿರಲಿಕ್ಕಿಲ್ಲ.

ಅವನನ್ನು ಮೊದಲು ಕಳಿಸಿದ್ದು ಧಾರವಾಡಕ್ಕೆ. ಇಲ್ಲೇ ಕಥೆಗೆ ತಿರುವು. ಮೋಗ್ಲಿಂಗ್‌ನ ಮಾತು ಇವನ ತಲೆಗೆ ಹೊಕ್ಕಿತ್ತು. ಈ ನೆಲದವರ ನಡುವೆ ಈ ನೆಲದವನಾಗಿಯೇ ಇರಬೇಕು. ಧಾರವಾಡದ ಸುತ್ತಮುತ್ತ ಕಾಲ್ನಡಿಗೆಯಲ್ಲಿ ತಿರುಗಿದ. ಜನರ ಜೊತೆ ಕೂತ, ಅವರ ಊಟ ಉಂಡ, ಅವರ ಮಾತು ಕೇಳಿದ. ಕನ್ನಡ ಕಲಿಸುವ ಪುಸ್ತಕ ಹೇಳಿದಷ್ಟು ಸಾಲಲಿಲ್ಲ ಅವನಿಗೆ. ಪುಸ್ತಕದಲ್ಲಿ ಇಲ್ಲದ್ದು ಸಂತೆಯಲ್ಲಿತ್ತು, ಕಣದಲ್ಲಿತ್ತು, ಜಗಳದಲ್ಲಿತ್ತು.

ಇದಕ್ಕೆ ಮಿಷನ್ನಿನ ಹಿರಿಯರು ಏನಂದರು? ಶಹಬ್ಬಾಸ್ ಅಂದರಾ? ಇಲ್ಲ. ಬಿಳಿಯ ಪಾದ್ರಿ ಹೀಗೆ ತಿರುಗೋದು ಅವರಿಗೆ ಸರಿ ಕಾಣಲಿಲ್ಲ. ಹುಡುಗ ಹೇಳಿದ ಮಾತು ಕೇಳೋದಿಲ್ಲ, ಪುಸ್ತಕದಲ್ಲಿ ಮುಳುಗಿರ್ತಾನೆ ಅನ್ನೋ ತಕರಾರು. ಧಾರವಾಡದಿಂದ ಎತ್ತಿ ದೂರಕ್ಕೆ, ನೀಲಗಿರಿಯ ಕಡೆಗೆ ಕಳಿಸಿದರು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ, ಪನಿಶ್‌ಮೆಂಟ್ ಟ್ರಾನ್ಸ್‌ಫರ್. ಮಿಷನರಿಯಾಗಿ ಕಿಟೆಲ್ ಗೆದ್ದವನಲ್ಲ. ಅವನ ಮಾತು ಕೇಳಿ ಮತ ಬದಲಿಸಿದವರು ಬೆರಳೆಣಿಕೆಗೂ ಕಷ್ಟ. ಬಂದ ಕೆಲಸದಲ್ಲಿ ಸೋತ. ಆದರೆ ಆ ಕೆಲಸಕ್ಕಾಗಿ ಕಲಿತದ್ದನ್ನು ಬಿಡಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಕೇಳಬೇಕು ಅನಿಸುತ್ತೆ. ಮಾಸ್ತರನಿಗೆ ಮಗುವಿನ ಭಾಷೆ ಬರಬೇಕೋ, ಮಗುವಿಗೆ ಮಾಸ್ತರನ ಭಾಷೆ ಬರಬೇಕೋ? ಅಂದಿನ ಕಚೇರಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ಕಲಿಯುವವನು ಕಲಿಸುವವನ ಭಾಷೆಗೆ ಹೋಗಬೇಕು, ಅಷ್ಟೇ. ವಾಲ್ಟರ್ ಎಲಿಯಟ್, ಡಬ್ಲ್ಯು.ಎ. ರಸೆಲ್‌ರಂಥ ಕೆಲವೇ ಇಂಗ್ಲಿಷ್ ಅಧಿಕಾರಿಗಳು ಇದು ತಪ್ಪು ಅಂತ ಕಂಡುಕೊಂಡರು. ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳಿಗಾಗಿ ದುಡಿದರು. ಚನ್ನಬಸಪ್ಪನವರನ್ನು ನಾವು ಇನ್ನೂ ಸರಿಯಾಗಿ ನೆನೆದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ಕಿಟೆಲ್‌ಗೆ ಪ್ರತಿಮೆ ಇದೆ, ಇರಲಿ, ಸಂತೋಷ. ಚನ್ನಬಸಪ್ಪ ಯಾರು ಅಂತ ಬೆಂಗಳೂರಿನ ಹುಡುಗರನ್ನು ಕೇಳಿ ನೋಡಿ.

ವಿದೇಶಕ್ಕೆ ಹೋಗಿ ಪಾಠ ಹೇಳುವ ಹುಡುಗರು ಆಮೇಲೂ ಬಂದರು. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ 'ಪೀಸ್ ಕೋರ್' ಶುರು ಮಾಡಿದರು. ಕಾಲೇಜು ಮುಗಿಸಿದ ಹುಡುಗ-ಹುಡುಗಿಯರು ಎರಡು ವರ್ಷ ಬಡ ದೇಶಗಳಲ್ಲಿ ಇದ್ದು ಕೆಲಸ ಮಾಡುವ ಯೋಜನೆ. ಅದೇ ವರ್ಷದ ಕೊನೆಗೆ ಭಾರತಕ್ಕೂ ಬಂದರು, ಆಗಿನ ಮೈಸೂರು ರಾಜ್ಯದ ಹಳ್ಳಿಗಳಿಗೂ ಬಂದರು. 1976ಕ್ಕೆ ಭಾರತದಲ್ಲಿ ಅದು ನಿಂತಿತು. ಎರಡು ವರ್ಷ ಅಂದರೆ ಎಷ್ಟು? ಭಾಷೆ ಬಾಯಿಗೆ ಹತ್ತುವ ಹೊತ್ತಿಗೆ ವಿಮಾನದ ಟಿಕೆಟ್ ಕೈಗೆ ಬರುತ್ತೆ. ಕಿಟೆಲ್ ಬಂದದ್ದು ಇಪ್ಪತ್ತೊಂದಕ್ಕೆ, ನಿಘಂಟು ಹೊರಬಂದಾಗ ಅವನಿಗೆ ಅರವತ್ತೆರಡು.

ಹೊರಟು ಹೋಗೋದು ನಮಗೇನು ಹೊಸದಲ್ಲ. ಮುಧೋಳದಲ್ಲಿ ಸಾವಿರ ವರ್ಷದ ಹಿಂದೆ, 949ರಲ್ಲಿ, ಬಳೆಗಾರರ ಮನೆಯಲ್ಲಿ ಒಬ್ಬ ಹುಡುಗ ಹುಟ್ಟಿದ. ಬಳೆ ಮಾರೋದು ಬಿಟ್ಟು ಓದಬೇಕು ಅಂತ ದಕ್ಷಿಣಕ್ಕೆ ಹೊರಟ. ನಾನೂರು ಕಿಲೋಮೀಟರಿಗೂ ಹೆಚ್ಚು ದೂರ, ಗಂಗರ ನಾಡಿಗೆ. ಅಜಿತಸೇನಾಚಾರ್ಯರು ಗುರುಗಳಾದರು, ಚಾವುಂಡರಾಯ ಆಸರೆಯಾದ. ಅವನೇ ರನ್ನ. 'ಗದಾಯುದ್ಧ' ಬರೆದ ರನ್ನ. ಗುರುವನ್ನು ಹುಡುಕಿ ಮುಧೋಳದಿಂದ ಹೊರಟವನು ಅವನು. ಶಿಷ್ಯರನ್ನು ಹುಡುಕಿ ಜರ್ಮನಿಯಿಂದ ಬಂದವರು ಇವರು. ಈಗ ಗಾಳಿ ಮತ್ತೆ ತಿರುಗಿದೆ. ನಮ್ಮ ಕಡೆಯ ಎಂಜಿನಿಯರುಗಳು, ನರ್ಸುಗಳು ಜರ್ಮನಿಗೆ ಹೋಗೋಕೆ ಬಿ-ಒನ್, ಬಿ-ಟೂ ಅಂತ ಜರ್ಮನ್ ಭಾಷೆಯ ಪರೀಕ್ಷೆ ಬರೀತಿದ್ದಾರೆ. ಅಲ್ಲಿನವರು ಭಾಷೆ ಬಾರದವನಿಗೆ ಕೆಲಸ ಕೊಡೋದು ಕಷ್ಟ. ಅದು ಅವರ ಹಕ್ಕು, ನ್ಯಾಯವಾದದ್ದೇ. ಹಾಗಾದರೆ ನಮ್ಮ ಊರಿನ ಬ್ಯಾಂಕಿನ ಕೌಂಟರಿನಲ್ಲಿ, ಜಮಖಂಡಿಯ ರೈತ ಬಂದು ನಿಂತಾಗ? ಆ ಮಾತು ಈಗ ಬೇಡ. ಅದಕ್ಕೇ ಒಂದು ಕಾರ್ಯಕ್ರಮ ಮಾಡಬೇಕಾಗುತ್ತೆ.

ಕಿಟೆಲ್‌ಗೆ ನಿಘಂಟಿನ ಕೆಲಸ ಒಪ್ಪಿಸಿದ್ದು 1872ರ ಸುಮಾರಿಗೆ. ಅದೇ ವರ್ಷ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ, 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿ ಕೊಟ್ಟ. ಮಧ್ಯೆ ಜರ್ಮನಿಗೆ ಹೋದ. ಹಸ್ತಪ್ರತಿ ಅಲ್ಲಿ ಕೂತು ಮುಗಿಯೋದಿಲ್ಲ ಅಂತ ಗೊತ್ತಾಗಿ, ಹೆಂಡತಿ-ಮಕ್ಕಳನ್ನು ಅಲ್ಲೇ ಬಿಟ್ಟು, 1883ರಲ್ಲಿ ಮತ್ತೆ ಕನ್ನಡ ನಾಡಿಗೆ ಬಂದ. ಐವತ್ತು ದಾಟಿದ ಮನುಷ್ಯ. ಕಣ್ಣು ಸೋಲುತ್ತಿತ್ತು. ಕಂಪ್ಯೂಟರ್ ಇಲ್ಲ, ಎಕ್ಸೆಲ್ ಶೀಟ್ ಇಲ್ಲ, ಹುಡುಕೋಕೆ ಒಂದು ಗುಂಡಿ ಒತ್ತುವ ಸೌಕರ್ಯ ಇಲ್ಲ. ಎಂಜಿನಿಯರಿಂಗ್ ಓದಿದವರಿಗೆ ಇದರ ಭಾರ ತಕ್ಷಣ ಅರ್ಥವಾಗುತ್ತೆ. ಎಪ್ಪತ್ತು ಸಾವಿರದಷ್ಟು ಪದಗಳನ್ನು ಕೈಯಲ್ಲಿ ಬರೆದು, ಕೈಯಲ್ಲೇ ಅಕಾರಾದಿಯಾಗಿ ಜೋಡಿಸಿ, ಒಂದೊಂದಕ್ಕೂ ಆಧಾರ ಕೊಡೋದು. ಒಂದು ಪದ ಜಾಗ ತಪ್ಪಿದರೆ ಅದು ಕಳೆದು ಹೋದಂತೆಯೇ. ಕನ್ನಡ ಪಂಡಿತರು ಪಕ್ಕದಲ್ಲಿ ಕೂತು ನೆರವಾದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳ ಪುಸ್ತಕ ಹೊರಬಂತು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ಯೂಬಿಂಗನ್‌ನಲ್ಲೇ ಕಿಟೆಲ್ ತೀರಿಕೊಂಡ.

ಆ ನಿಘಂಟನ್ನು ಒಮ್ಮೆ ಬಿಡಿಸಿ ನೋಡಿ. ಬರೀ ಪಂಪ-ರನ್ನರ ಕಾಲದ ಹಳಗನ್ನಡ ಅಲ್ಲ ಅದು. ಗಾದೆಗಳಿವೆ, ಬೈಗುಳಗಳಿವೆ, ಅಡುಗೆಮನೆಯ ಮಾತಿದೆ, ರೈತನ ಮಾತಿದೆ. ಆಡುಮಾತಿನ ಪದಗಳ ಪಕ್ಕದಲ್ಲಿ ಸಣ್ಣದಾಗಿ ಗುರುತು ಹಾಕಿದ್ದಾನೆ, ಈ ಪದ ಎಲ್ಲಿ ಕೇಳಿ ಬಂದದ್ದು ಅಂತ. ಮೈಸೂರಿಗೆ ಒಂದು ಗುರುತು. ನಮ್ಮ ಧಾರವಾಡ-ಬೆಳಗಾವಿ-ಕಲಾದಗಿಯ ಕಡೆಗೆ ಇನ್ನೊಂದು. ಆ ಇನ್ನೊಂದು ಗುರುತನ್ನು ಬಿಡಿಸಿ ಓದಿದರೆ ಬರುವ ಹೆಸರು ಅದೇ, ದಕ್ಷಿಣ ಮರಾಠಾ ಸೀಮೆ.

1948ರಲ್ಲಿ ಜಮಖಂಡಿ, ಮುಧೋಳ, ಸಾಂಗ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರ ನವೆಂಬರ್ 1ಕ್ಕೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ, ಬನಹಟ್ಟಿ ಎಲ್ಲ ಮೈಸೂರು ರಾಜ್ಯಕ್ಕೆ ಬಂದವು. ನಕಾಶೆಯಿಂದ ಆ ಹಳೆಯ ಹೆಸರು ಹೋಯಿತು. ಕಿಟೆಲ್‌ನ ನಿಘಂಟಿನಲ್ಲಿ ಮಾತ್ರ ಈಗಲೂ ಇದೆ, ಪುಟ ಪುಟದಲ್ಲಿ, ಕನ್ನಡ ಪದಗಳ ಪಕ್ಕದಲ್ಲಿ.