ಗದ್ದೆಯಿಂದ ಡಕಾರ್‌ಗೆ: ಮಣ್ಣಿನ ಬೈಕ್ ರೇಸಿನ ಕಥೆ

ಕೆ.ಪಿ. ಅರವಿಂದ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಿಗ್ ಬಾಸ್ ಎಂಟನೇ ಸೀಸನ್‌ನ ರನ್ನರ್ ಅಪ್. ಅದಕ್ಕೂ ಎರಡು ವರ್ಷ ಮೊದಲು, 2019ರ ಜನವರಿಯಲ್ಲಿ, ಉಡುಪಿ ಮೂಲದ ಈ ಸವಾರ ಪೆರು ದೇಶದ ಮರಳುಗಾಡಿನಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು 37ನೇ ಸ್ಥಾನದಲ್ಲಿ ಮುಗಿಸಿದ್ದರು. ಅದರ ಹಿಂದಿನ ಎರಡೂ ವರ್ಷ ಅರ್ಧ ದಾರಿಯಲ್ಲೇ ಹೊರಬಿದ್ದಿದ್ದರು. ಟಿವಿಯಲ್ಲಿ ಅವರನ್ನು ಕಂಡು ಮೆಚ್ಚಿದ ಎಷ್ಟೋ ಮನೆಗಳಿಗೆ ಈ ವಿಷಯ ಗೊತ್ತೇ ಇಲ್ಲ.

ಅರವಿಂದ್ ಬೆಳೆದದ್ದು ಮೋಟೋಕ್ರಾಸ್ ಎಂಬ ಆಟದಿಂದ. ಸುತ್ತಲೂ ಬೇಲಿ ಹಾಕಿದ ಮಣ್ಣಿನ ಟ್ರ್ಯಾಕು, ಅದರಲ್ಲಿ ದಿಬ್ಬ, ಗುಂಡಿ, ಕೆಸರು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಒಟ್ಟಿಗೆ ಹೊರಡುತ್ತಾರೆ, ಮೊದಲು ಮುಟ್ಟಿದವನು ಗೆದ್ದ. ಕಂಬಳ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಈ ಆಟ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1924ರ ಮಾರ್ಚ್ 29ರಂದು ಕ್ಯಾಂಬರ್ಲಿ ಎಂಬ ಊರಿನ ಬಳಿಯ ಕುರುಚಲು ಗುಡ್ಡದಲ್ಲಿ ಒಂದು ಪಂದ್ಯ ನಡೆಯಿತು. ಅದುವರೆಗೆ ಇದ್ದ 'ಟ್ರಯಲ್' ಪಂದ್ಯಗಳಲ್ಲಿ ಸವಾರ ಕಾಲು ಊರಿದನೇ, ಬಿದ್ದನೇ ಎಂದು ನೋಡಿ ಅಂಕ ಕೊಡುತ್ತಿದ್ದರು. ಕ್ಯಾಂಬರ್ಲಿಯವರು ಅದನ್ನೆಲ್ಲ ಬಿಟ್ಟು ವೇಗವೊಂದನ್ನೇ ಲೆಕ್ಕಕ್ಕಿಟ್ಟರು. ಹಾಗಾದರೆ ಇದನ್ನು ಟ್ರಯಲ್ ಎಂದು ಕರೆಯುವಂತಿಲ್ಲ ಎಂದಿತು ಅಲ್ಲಿನ ಸಂಸ್ಥೆ. 'ಸ್ಕ್ರ್ಯಾಂಬಲ್' ಎಂದು ಹೆಸರಿಟ್ಟುಕೊಂಡರು, ಅಂದರೆ ಎದ್ದೂಬಿದ್ದೂ ಓಡುವುದು. ಮೋಟೋಕ್ರಾಸ್ ಎಂಬ ಹೆಸರು ಬಂದದ್ದು ಆಮೇಲೆ, ಫ್ರೆಂಚ್ ಮಾತಿನವರಿಂದ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನ ಹಳ್ಳಿಗಳಲ್ಲಿ ಇದು ಭಾನುವಾರದ ಜಾತ್ರೆಯಂತಾಯಿತು. 1957ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾಯಿತು. ಆಗ ಬ್ರಿಟಿಷರ ಭಾರವಾದ ಫೋರ್ ಸ್ಟ್ರೋಕ್ ಬೈಕುಗಳದೇ ರಾಜ್ಯಭಾರ. ಅದನ್ನು ಮುರಿದವುಗಳಲ್ಲಿ ಚೆಕ್ ದೇಶದ ಹಗುರವಾದ ಟೂ ಸ್ಟ್ರೋಕ್ ಬೈಕು ಸಿ.ಝಡ್. ಮುಖ್ಯವಾದದ್ದು. 1964ರಲ್ಲಿ ಬೆಲ್ಜಿಯಂನ ಜೋಯೆಲ್ ರಾಬರ್ಟ್ ಅದನ್ನೇ ಓಡಿಸಿ 250 ಸಿಸಿ ವಿಶ್ವ ಚಾಂಪಿಯನ್ ಆದ.

ಇಲ್ಲಿಂದ ಕಥೆ ನಮ್ಮ ಹತ್ತಿರಕ್ಕೆ ಬರುತ್ತದೆ. ಸಿ.ಝಡ್.ನ ಅಣ್ಣತಮ್ಮನಂತಿದ್ದ ಕಂಪನಿಯೇ ಜಾವಾ. ಆ ಜಾವಾ ಬೈಕು 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು, ಮುಂದೆ ಯೆಜ್ಡಿ ಎಂಬ ಹೆಸರು ಪಡೆಯಿತು. ನಮ್ಮ ತಂದೆ, ಚಿಕ್ಕಪ್ಪಂದಿರ ಕಾಲದ ಹುಡುಗರು ಹೆಡ್‌ಲೈಟು, ಮಡ್‌ಗಾರ್ಡು, ಇಂಡಿಕೇಟರು ಎಲ್ಲ ಬಿಚ್ಚಿಟ್ಟು ಇದೇ ಬೈಕಿನಲ್ಲಿ ಮಣ್ಣಿಗಿಳಿದರು. ಹಾಲಿನ ಕ್ಯಾನು ಹೊತ್ತ ಬೈಕೂ ಅದೇ, ರೇಸಿನ ಬೈಕೂ ಅದೇ. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು. ಟಿವಿಎಸ್ ಕಂಪನಿ 1980ರ ದಶಕದಲ್ಲೇ ತನ್ನದೇ ರೇಸಿಂಗ್ ತಂಡ ಕಟ್ಟಿತು. ಬೆಂಗಳೂರು, ಮೈಸೂರು, ಕೊಯಮತ್ತೂರು, ಪುಣೆ, ನಾಸಿಕ್ ಕಡೆ ಮೈದಾನಗಳಲ್ಲಿ ಮಣ್ಣು ಗುಡ್ಡೆ ಹಾಕಿ ರೇಸ್ ನಡೆಸುವ ರೂಢಿ ಬೆಳೆಯಿತು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಯೆಜ್ಡಿ ಸದ್ದು ಕೇಳಿದರೆ ಈಗಲೂ ತಿರುಗಿ ನೋಡುವವರಿದ್ದಾರೆ ಬಿಡಿ, ಅದು ಬೇರೆ ಮಾತು.

ನನ್ನ ಲೆಕ್ಕದಲ್ಲಿ ಆಮೇಲೆ ಈ ಆಟ ಹಳ್ಳಿಯವರ ಕೈತಪ್ಪಿತು. ಹೊರದೇಶಗಳಲ್ಲಿ 1973ರ ಹೊತ್ತಿಗೇ ಯಮಹಾದ ಮೋನೊಶಾಕ್ ಬಂದು ಬೈಕಿನ ರೂಪವೇ ಬದಲಾಗಿತ್ತು. ಉದ್ದನೆಯ ಶಾಕ್ ಅಬ್ಸಾರ್ಬರು, ಎತ್ತರದ ಸೀಟು, ರೇಸಿಗೆಂದೇ ಮಾಡಿದ ಎಂಜಿನ್ನು. ಅಂಥ ಬೈಕು ಇಲ್ಲಿಗೆ ಬರುವಾಗ ಆಮದು ಸುಂಕ ಸೇರಿ ಲಕ್ಷಗಟ್ಟಲೆ ಆಗುತ್ತದೆ. ರಸ್ತೆಯಲ್ಲಿ ಓಡಿಸಲು ನೋಂದಣಿಯೂ ಆಗುವುದಿಲ್ಲ. ಹೆಲ್ಮೆಟ್ಟು, ಬೂಟು, ಎದೆ ಕವಚದ ಖರ್ಚು ಬೇರೆ. ಹಾಲು ಹಾಕಿ ಬಂದ ದುಡ್ಡಿನಲ್ಲಿ ಇದೆಲ್ಲ ಆಗುವ ಮಾತಲ್ಲ.

ಆದರೂ ಬೆಂಗಳೂರಿನ ಸಿ.ಎಸ್. ಸಂತೋಷ್ ದೇಶದ ಮೋಟೋಕ್ರಾಸ್, ಸೂಪರ್‌ಕ್ರಾಸ್‌ಗಳಲ್ಲಿ ಪಳಗಿ 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯರಾದರು, 36ನೇ ಸ್ಥಾನ. 2021ರ ಡಕಾರ್‌ನಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು. ವೈದ್ಯರು ಔಷಧಿ ಕೊಟ್ಟು ಕೋಮಾದಲ್ಲಿಟ್ಟು ಚಿಕಿತ್ಸೆ ಮಾಡಬೇಕಾಯಿತು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಅವರೂ ಗಂಭೀರ ಗಾಯಗಳಿಂದ ಎದ್ದು ಬಂದವರೇ. ಕವಚ ತೊಟ್ಟು, ಪಕ್ಕದಲ್ಲಿ ಡಾಕ್ಟರ್ ಇಟ್ಟುಕೊಂಡು ಓಡಿಸುವವರ ಕಥೆ ಇದು.

ಸಂತೋಷ್ ಮಾಡಿದ ಇನ್ನೊಂದು ಕೆಲಸ ನನಗೆ ಡಕಾರ್‌ಗಿಂತ ದೊಡ್ಡದಾಗಿ ಕಾಣುತ್ತದೆ. ಕೋಲಾರದ ಕಡೆ ಬಿಗ್ ರಾಕ್ ಎಂಬ ಮಣ್ಣಿನ ಟ್ರ್ಯಾಕು ಕಟ್ಟಿ ಅಲ್ಲಿ ಕಲಿಸಲು ಶುರು ಮಾಡಿದರು. 2019ರಲ್ಲಿ ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 ಬಂತು. ಆಗ ಅದರ ಶೋರೂಮ್ ಬೆಲೆ ಒಂದು ಲಕ್ಷದ ಆಸುಪಾಸು. ವಾರವಿಡೀ ತೋಟಕ್ಕೆ, ಪೇಟೆಗೆ ಓಡಿಸಿ ಭಾನುವಾರ ಮಣ್ಣಿಗಿಳಿಸುವ ಯೆಜ್ಡಿ ಕಾಲದ ಅನುಕೂಲ ಸ್ವಲ್ಪ ಮಟ್ಟಿಗೆ ಮರಳಿತು. 2024ರಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ಲೀಗ್ ಪುಣೆ, ಅಹಮದಾಬಾದ್ ಸುತ್ತಿ ಬೆಂಗಳೂರಿಗೂ ಬಂತು. ಆದರೆ ಅಲ್ಲಿ ನಮ್ಮ ಹುಡುಗರ ಜಾಗ ಹೆಚ್ಚಾಗಿ ಪ್ರೇಕ್ಷಕರ ಸಾಲಿನಲ್ಲೇ.

ಬೈಕು ಬಂತು, ನೆಲ ಎಲ್ಲಿ? ಟ್ರ್ಯಾಕ್ ಇಲ್ಲದ ಹುಡುಗರು ಬೈಪಾಸ್ ರಸ್ತೆಯಲ್ಲಿ ವೀಲಿಂಗ್ ಮಾಡುತ್ತಾರೆ. ಆಮೇಲಿನದ್ದನ್ನು ನಾವೆಲ್ಲ ಆಸ್ಪತ್ರೆ ಬಾಗಿಲಲ್ಲಿ ನಿಂತು ಕಂಡಿದ್ದೇವೆ. ಅನುಮತಿಯಿಲ್ಲದೆ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೊದಲ ಸಲ 5,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪ್ರಾಪ್ತ ಮಗನಿಗೆ ಬೈಕ್ ಕೊಟ್ಟ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಕೊಡಗಿನಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಅಲ್ಲೇ ಸುತ್ತು ಹಾಕಿ ಆಟೋಕ್ರಾಸ್ ನಡೆಸುತ್ತಾರೆ. ಮಣ್ಣಿನ ರೇಸುಗಳಲ್ಲಿ ಎಷ್ಟೋ ಕಡೆ ಊರಿನ ಸವಾರರಿಗೆಂದೇ ಬೇರೆ ವಿಭಾಗವೂ ಇರುತ್ತದೆ. ಹಾಗೆ ನಡೆಸಬೇಕಾದರೆ ಜಮೀನಿನವರ ಒಪ್ಪಿಗೆ, ಪೊಲೀಸ್ ಅನುಮತಿ, ಸ್ಥಳದಲ್ಲಿ ಆಂಬುಲೆನ್ಸ್, ಜನ ಒಳನುಗ್ಗದಂತೆ ಗಟ್ಟಿ ಬೇಲಿ ಬೇಕು. ಅಧಿಕೃತ ಪಂದ್ಯವಾದರೆ ರಾಷ್ಟ್ರೀಯ ಮೋಟಾರು ಕ್ರೀಡಾ ಒಕ್ಕೂಟದ ಒಪ್ಪಿಗೆ, ಸವಾರರಿಗೆ ಅದರ ಲೈಸೆನ್ಸ್. ಕಬಡ್ಡಿ ಟೂರ್ನಮೆಂಟ್‌ಗಿಂತ ಓಡಾಟ ಜಾಸ್ತಿ, ಆದರೆ ಊರಿನ ಯುವಕ ಸಂಘ ಹಿಡಿದು ಕೂತರೆ ಆಗದ್ದೇನಲ್ಲ. ಟಯರಿನ ಗುರುತು ಬೇಸಿಗೆವರೆಗೆ ಉಳಿಯಬಹುದು. ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಆ ಗದ್ದೆ ಮತ್ತೆ ಉಳುಮೆಗೆ ಬರುತ್ತದೆ.