ಕಿಡ್ನಿ ಕ್ಯಾನ್ಸರ್ ಇದ್ದವರಲ್ಲಿ ಶೀಘ್ರವಾಗಿ ಉಲ್ಬಣಿಸುವ ಕಿಡ್ನಿ ಉರಿಯೂತ

ಕಿಡ್ನಿಯಲ್ಲಿ ಕ್ಯಾನ್ಸರ್ ಗಡ್ಡೆ ಇರುವವರ ರಕ್ತದಲ್ಲಿ ಕ್ರಿಯಾಟಿನಿನ್ ಏರಿದರೆ ಗಡ್ಡೆಯಿಂದಲೇ ಇರಬೇಕು ಎಂದು ಮನೆಯವರು ಅಂದುಕೊಳ್ಳುವುದು ಸಹಜ. ಆದರೆ ಇನ್ನೊಂದು ಕಿಡ್ನಿ ಚೆನ್ನಾಗಿದ್ದೂ ಕೆಲವೇ ವಾರಗಳಲ್ಲಿ ಕ್ರಿಯಾಟಿನಿನ್ 1ರಿಂದ 4ಕ್ಕೆ ಹೋದರೆ ಬೇರೆ ಕಾರಣ ಹುಡುಕಲೇಬೇಕು. ಅಂಥ ಕಾರಣಗಳಲ್ಲೊಂದು ಶೀಘ್ರವಾಗಿ ಉಲ್ಬಣಿಸುವ ಗ್ಲೊಮೆರುಲೊನೆಫ್ರೈಟಿಸ್.

ಪ್ರತಿ ಕಿಡ್ನಿಯಲ್ಲೂ ರಕ್ತ ಸೋಸುವ ಸುಮಾರು 10 ಲಕ್ಷ ಸೂಕ್ಷ್ಮ ರಕ್ತನಾಳಗಳ ಗೊಂಚಲುಗಳಿವೆ. ಇವೇ ಗ್ಲೊಮೆರುಲಸ್‌ಗಳು. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಇವುಗಳ ಗೋಡೆಯನ್ನು ಒಡೆದಾಗ, ಸುತ್ತಲಿನ ಚೀಲದೊಳಗೆ ಜೀವಕೋಶಗಳು ಅರ್ಧಚಂದ್ರಾಕಾರದಲ್ಲಿ ತುಂಬಿಕೊಂಡು ಗೊಂಚಲನ್ನು ಅಮುಕುತ್ತವೆ. ಚಿಕಿತ್ಸೆ ಸಿಗದಿದ್ದರೆ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಡಯಾಲಿಸಿಸ್ ಬೇಕಾಗುತ್ತದೆ.

ಈ ಎರಡು ಕಾಯಿಲೆ ಒಟ್ಟಿಗೆ ಬರುವುದು ವಿರಳ. ಆದರೂ ಕಿಡ್ನಿ ಕ್ಯಾನ್ಸರ್ ರೋಗಿಗಳಲ್ಲಿ 'ಆಂಕಾ' ಎಂಬ ಪ್ರತಿಕಾಯಗಳಿಂದಾಗುವ ರಕ್ತನಾಳದ ಉರಿಯೂತ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. 2015ರಲ್ಲಿ ಅಮೆರಿಕದಲ್ಲಿ ಈ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆದ ನಿವೊಲುಮಾಬ್‌ನಂಥ ಇಮ್ಯುನೋಥೆರಪಿ ಔಷಧಗಳೂ ಕಿಡ್ನಿಗೆ ಉರಿಯೂತ ತರಬಹುದು. ಹೆಚ್ಚಾಗಿ ಅದು ಕಿಡ್ನಿಯ ನಾಳಿಕೆಗಳ ಸುತ್ತ ಬರುತ್ತದೆ, ಅಪರೂಪಕ್ಕೆ ಗ್ಲೊಮೆರುಲಸ್‌ಗೂ ತಗಲುತ್ತದೆ.

ಮೂತ್ರದಲ್ಲಿ ರಕ್ತ ಎರಡರಲ್ಲೂ ಕಾಣುವುದರಿಂದಲೇ ಗೊಂದಲ. ಗಡ್ಡೆಯಿಂದ ಬರುವ ರಕ್ತ ಸಾಮಾನ್ಯವಾಗಿ ಕೆಂಪಗಿರುತ್ತದೆ, ಹೆಪ್ಪುಗಟ್ಟಿದ ತುಣುಕುಗಳೂ ಬರಬಹುದು. ಉರಿಯೂತದ್ದಾದರೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ, ಹೆಪ್ಪು ಇರುವುದಿಲ್ಲ, ಪ್ರೋಟೀನ್ ಹೋಗುವುದರಿಂದ ನೊರೆ ಕಾಣಬಹುದು. ಸೂಕ್ಷ್ಮದರ್ಶಕದಲ್ಲಿ ಆಕಾರ ಕೆಟ್ಟ ಕೆಂಪು ರಕ್ತಕಣಗಳು ಸಿಗುತ್ತವೆ. ಕಾಲು ಊತ, ಕಫದಲ್ಲಿ ರಕ್ತ, ಚರ್ಮದ ಮೇಲೆ ಕೆಂಪು ಚುಕ್ಕೆ ಇದ್ದರೆ ಸಂಶಯ ಇನ್ನೂ ಬಲವಾಗುತ್ತದೆ. ಸಾಧಾರಣ ಮೂತ್ರ ಪರೀಕ್ಷೆಯೇ ಇಷ್ಟನ್ನು ಹೇಳಬಲ್ಲದು, ಆದರೆ ದುಬಾರಿ ಸ್ಕ್ಯಾನ್‌ಗಳ ನಡುವೆ ಅದನ್ನು ಕೇಳುವವರಿಲ್ಲ!

ಖಚಿತಪಡಿಸಲು ರಕ್ತದಲ್ಲಿ ಪ್ರತಿಕಾಯಗಳ ಪರೀಕ್ಷೆ ಮತ್ತು ಕಿಡ್ನಿಯ ಬಯಾಪ್ಸಿ ಬೇಕು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕಿಡ್ನಿಯಲ್ಲಿ ಗಡ್ಡೆಯಿಲ್ಲದ ಭಾಗವನ್ನೂ ಪರೀಕ್ಷಿಸಿದರೆ ಕೆಲವೊಮ್ಮೆ ಉತ್ತರ ಅಲ್ಲೇ ಸಿಗುತ್ತದೆ.

ಚಿಕಿತ್ಸೆಯಲ್ಲಿ ಮೊದಲು ಮೀಥೈಲ್ ಪ್ರೆಡ್ನಿಸೊಲೋನ್ ಅನ್ನು ದಿನಕ್ಕೆ 500ರಿಂದ 1000 ಮಿಲಿಗ್ರಾಂನಂತೆ ಸಾಮಾನ್ಯವಾಗಿ ಮೂರು ದಿನ ರಕ್ತನಾಳಕ್ಕೆ ಕೊಡುತ್ತಾರೆ. ಸಂಶಯ ಬಲವಾಗಿದ್ದರೆ ಬಯಾಪ್ಸಿ ವರದಿಗೂ ಕಾಯುವುದಿಲ್ಲ. ನಂತರ ಸೈಕ್ಲೋಫಾಸ್ಫಮೈಡ್ ಅಥವಾ ರಿಟುಕ್ಸಿಮಾಬ್. ಕಷ್ಟವಿರುವುದು ಇಲ್ಲಿ. ಕ್ಯಾನ್ಸರ್ ಇರುವ ದೇಹದ ನಿರೋಧಕ ಶಕ್ತಿಯನ್ನೇ ತಗ್ಗಿಸಬೇಕು, ಜೊತೆಗೆ ಸೈಕ್ಲೋಫಾಸ್ಫಮೈಡ್‌ನಿಂದ ಮೂತ್ರಕೋಶದ ಕ್ಯಾನ್ಸರ್ ಅಪಾಯವೂ ಇದೆ. ಹಾಗಾಗಿ ಕಿಡ್ನಿ ತಜ್ಞರು ಮತ್ತು ಕ್ಯಾನ್ಸರ್ ತಜ್ಞರು ಕೂಡಿಯೇ ನಿರ್ಧರಿಸಬೇಕಾಗುತ್ತದೆ.

ಕಾಸರಗೋಡಿನಿಂದ ಮಂಗಳೂರಿಗೆ ಹೋಗುವವರಂತೆ ಗಡಿ ದಾಟಿ ಆಸ್ಪತ್ರೆಗೆ ಹೋಗುವವರು ಹಳೆಯ ಕ್ರಿಯಾಟಿನಿನ್ ವರದಿಗಳನ್ನು ತಾರೀಖಿನ ಸಮೇತ ಒಯ್ಯಿರಿ. ಏರಿದ್ದು ವರ್ಷಗಳಲ್ಲೋ ವಾರಗಳಲ್ಲೋ ಎಂಬುದು ವೈದ್ಯರಿಗೆ ಅದರಿಂದಲೇ ತಿಳಿಯುತ್ತದೆ.